ಅಜ್ಜಿಯ ಕ್ಯಾಸೆಟ್‌ಗಳಿಗೆ ಒಂದು ಸಣ್ಣ ಸ್ಕ್ರಿಪ್ಟ್: ನಾಲ್ಕು ಶೆಲ್‌ಗಳಲ್ಲಿ ಬರೆದು ನೋಡಿದೆ

ಅಜ್ಜಿ ಹಾಡುತ್ತಿದ್ದ ಸೋಬಾನೆ ಪದ, ಬೀಸುವ ಪದ, ಕೋಲಾಟದ ಪದಗಳನ್ನು ಸೋದರಮಾವ ಕ್ಯಾಸೆಟ್‌ಗಳಲ್ಲಿ ತುಂಬಿಸಿ ಇಟ್ಟಿದ್ದರು. ಒಟ್ಟು 43 ಕ್ಯಾಸೆಟ್. ಕಳೆದ ಬೇಸಿಗೆಯಲ್ಲಿ ಅವರೇ ಕೂತು, ತಮ್ಮ ಹಳೇ ಮ್ಯಾಕ್‌ಗೆ ಡೆಕ್ ಸಿಕ್ಕಿಸಿ, ಒಂದೊಂದು ಬದಿಯನ್ನೂ ಒಂದೊಂದು ವೇವ್ ಫೈಲ್ ಮಾಡಿದರು. 86 ಫೈಲ್, ಸುಮಾರು 27 ಜಿಬಿ. ಹೆಸರುಗಳೆಲ್ಲ ಕನ್ನಡದಲ್ಲೇ ಇವೆ, ಪದಗಳ ಮಧ್ಯೆ ಜಾಗವೂ ಇದೆ: ‘ಕೋಲಾಟದ ಪದ 3’, ‘ಬೀಸುವ ಪದ ಅಜ್ಜಿ ಮತ್ತು ಚಿಕ್ಕಜ್ಜಿ’, ಹೀಗೆ.

ನನ್ನ ಪಾಲಿಗೆ ಬಂದ ಕೆಲಸ ಚಿಕ್ಕದು. ಪ್ರತಿ ವೇವ್‌ಗೂ ಒಂದು ಫ್ಲ್ಯಾಕ್ ಪ್ರತಿ (ಗುಣಮಟ್ಟ ಕೆಡದೆ ಗಾತ್ರ ಇಳಿಸಿದ ಧ್ವನಿ ಫೈಲ್) ಮಾಡಬೇಕು. ಆಗಲೇ ಮಾಡಿದ್ದರೆ ಬಿಟ್ಟು ಮುಂದೆ ಹೋಗಬೇಕು. ಕೊನೆಗೆ ಎಲ್ಲದರ ಚೆಕ್‌ಸಮ್ (ಫೈಲ್ ಕೆಟ್ಟಿದೆಯಾ ಅಂತ ಪತ್ತೆ ಮಾಡಲು ಬಳಸುವ ಸಂಖ್ಯೆ) ಬರೆದಿಡಬೇಕು. ಓಡಬೇಕಾದ ಜಾಗ ಮಾತ್ರ ಮೂರು: ಡೆಬಿಯನ್ 12 (ಒಂದು ಬಗೆಯ ಲಿನಕ್ಸ್) ಇರುವ ನನ್ನ ಲ್ಯಾಪ್‌ಟಾಪ್, ಅಕ್ಕನ ಮ್ಯಾಕ್, ಮತ್ತೆ ಮನೆಯ ರೂಟರ್. ರೂಟರ್‌ನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಪುಟ್ಟ ಲಿನಕ್ಸ್ ಇದೆ, ಹಾರ್ಡ್‌ಡಿಸ್ಕ್ ಅದಕ್ಕೇ ಸಿಕ್ಕಿಸಿದ್ದೇನೆ. ಅಲ್ಲಿ ಪರಿವರ್ತನೆ ಬೇಡ, ಚೆಕ್‌ಸಮ್ ಸರಿಯಿದೆಯಾ ಅಂತ ನೋಡಿದರೆ ಸಾಕು.

ಗೆಳೆಯನೊಬ್ಬ ಮೊದಲೇ ಹೇಳಿದ್ದ: ಹೆಸರುಗಳನ್ನು ಇಂಗ್ಲಿಷ್‌ಗೆ ಬದಲಿಸಿ, ಜಾಗ ಇದ್ದ ಕಡೆ ಅಡಿಗೆರೆ ಹಾಕಿಬಿಡು, ತಲೆನೋವೇ ಇರಲ್ಲ. ನಾನು ಒಪ್ಪಲಿಲ್ಲ. ಮಾವ ಕೈಯಾರೆ ಕೊಟ್ಟ ಹೆಸರುಗಳವು. ಯಾರು ಹಾಡಿದ್ದು, ಯಾವ ಮದುವೆಯಲ್ಲಿ ಅನ್ನುವ ವಿಷಯ ಎಷ್ಟೋ ಕಡೆ ಆ ಹೆಸರಿನಲ್ಲಿ ಮಾತ್ರ ಇದೆ. ಹೆಸರು ಹಾಗೇ ಇರಲಿ, ಯಾವ ಶೆಲ್ (ನಾವು ಬರೆದ ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಅದನ್ನು ಕೆಡಿಸದೆ ಈ ಕಡೆಯಿಂದ ಆ ಕಡೆಗೆ ಸಾಗಿಸುತ್ತೋ ಅದರಲ್ಲೇ ಬರೆಯೋಣ ಅಂದುಕೊಂಡೆ. ಒಂದೇ ಸ್ಕ್ರಿಪ್ಟನ್ನು ಎಸ್‌ಎಚ್, ಬ್ಯಾಷ್, ಜೆಡ್‌ಎಸ್‌ಎಚ್, ಫಿಶ್ ನಾಲ್ಕರಲ್ಲೂ ಬರೆದು ನೋಡಿದ್ದು ಇದೇ ಕಾರಣಕ್ಕೆ. ಓದಲು ಸುಲಭ ಆಗಲಿ ಅಂತ ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ.

ಮೊದಲ ಸಂಜೆ: ಫೈಲ್‌ಗಳು ಬಂದು ಸೇರಿದ್ದು

ಮಾವನ ಮ್ಯಾಕ್‌ನಿಂದ ವೈಫೈ ಮೇಲೆ ಆರ್‌ಸಿಂಕ್ ಅನ್ನುವ ಸಾಧನದಿಂದ ನಕಲು ಮಾಡಿದೆ. 84 ಬಂದವು, ಎರಡು ಬರಲಿಲ್ಲ. ಫೈಲ್ ಹೆಸರು ತುಂಬಾ ಉದ್ದ ಅನ್ನುವ ದೋಷ. ನೋಡಿದರೆ ಅಷ್ಟೇನೂ ಉದ್ದ ಅನಿಸಲ್ಲ, ಒಂದೂವರೆ ಸಾಲಿನ ಹೆಸರು. ಆದರೆ ಲಿನಕ್ಸ್‌ನ ಡಿಸ್ಕ್‌ನಲ್ಲಿ ಫೈಲ್ ಇಡುವ ವ್ಯವಸ್ಥೆಯಾದ ಇಎಕ್ಸ್‌ಟಿ4 ಒಂದು ಹೆಸರಿಗೆ ಕೊಡುವುದು 255 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಇಂಗ್ಲಿಷ್‌ನವರಿಗೆ 255 ಅಕ್ಷರ ಸಿಕ್ಕುವ ಜಾಗದಲ್ಲಿ ನಮಗೆ 85 ಸಿಗುತ್ತೆ. ಅದರಲ್ಲೂ ಒತ್ತಕ್ಷರ, ಕಾಗುಣಿತದ ಚಿಹ್ನೆ ಎಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಹಳೇ ಮ್ಯಾಕ್‌ನ ಅಂಥದೇ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಬೈಟ್ ಲೆಕ್ಕ ಇಡುವುದಿಲ್ಲ, ಅದಕ್ಕೇ ಅಲ್ಲಿ ತೊಂದರೆ ಇರಲಿಲ್ಲ. ಮಾವನಿಗೆ ಫೋನ್ ಮಾಡಿ ಕೇಳಿ, ಆ ಎರಡಕ್ಕೆ ಮಾತ್ರ ಚಿಕ್ಕ ಹೆಸರು ಇಟ್ಟೆ. ಪೂರ್ತಿ ವಿವರವನ್ನು ಪಕ್ಕದಲ್ಲೊಂದು ಪಠ್ಯ ಫೈಲ್‌ನಲ್ಲಿ ಬರೆದಿಟ್ಟೆ.

ಬ್ಯಾಷ್‌ನಲ್ಲಿ ಮೊದಲ ಪ್ರಯತ್ನ

ಎಲ್ಲರ ಹಾಗೆ ನಾನೂ ಬ್ಯಾಷ್‌ನಿಂದಲೇ ಶುರು ಮಾಡಿದೆ. ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ 1989ರಲ್ಲಿ ಹೊರತಂದ ಶೆಲ್ ಇದು. ಆಮೇಲಿಂದ ಎಷ್ಟೋ ವರ್ಷಗಳಿಂದ ಚೆಟ್ ರೇಮಿ ನೋಡಿಕೊಳ್ಳುತ್ತಿದ್ದಾರೆ. ಎಲ್ಲೆಡೆ ಸಿಗುತ್ತೆ, ಯಾವ ಪ್ರಶ್ನೆಗೂ ಉತ್ತರ ಸಿಗುತ್ತೆ.

ಫೈಲ್ ಹೆಸರುಗಳನ್ನು ತೋರಿಸುವ ಎಲ್‌ಎಸ್ ಕಮಾಂಡ್ ಕೊಟ್ಟ ಪಟ್ಟಿಯನ್ನು, ಒಂದೊಂದಕ್ಕೂ ಅದೇ ಕೆಲಸ ಮಾಡುವ ಫಾರ್ ಲೂಪ್‌ಗೆ ಹಾಕುವುದು ಮೊದಲು ಬೆರಳಿಗೆ ಬರುವ ರೂಪ. ಹಾಕಿದೆ. ‘ಕೋಲಾಟದ ಪದ 3.ವೇವ್’ ಅನ್ನುವ ಒಂದು ಫೈಲ್ ಲೂಪ್‌ನೊಳಗೆ ಮೂರಾಗಿ ಬಂತು: ‘ಕೋಲಾಟದ’, ‘ಪದ’, ‘3.ವೇವ್’. ಉದ್ಧರಣ ಚಿಹ್ನೆ ಇಲ್ಲದೆ ಬಿಟ್ಟ ಯಾವುದೇ ಉತ್ತರವನ್ನು, ಯಾವುದೇ ವೇರಿಯಬಲ್ಲನ್ನು ಬ್ಯಾಷ್ ಜಾಗ ಇದ್ದಲ್ಲೆಲ್ಲ ಒಡೆಯುತ್ತೆ. ಇದು ಬ್ಯಾಷ್ ಕಂಡುಹಿಡಿದದ್ದೇನೂ ಅಲ್ಲ. 1979ರಲ್ಲಿ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಬಂದ ಸ್ಟೀಫನ್ ಬೋರ್ನ್ ಅವರ ಶೆಲ್‌ನಿಂದ ಬಳುವಳಿಯಾಗಿ ಬಂದದ್ದು. ಎಲ್‌ಎಸ್ ತೆಗೆದು ನೇರ * (ಯಾವ ಹೆಸರಿಗೂ ಹೊಂದುವ ನಕ್ಷತ್ರ ಚಿಹ್ನೆ) ಹಾಕಿ, $ಫೈಲ್ ಅನ್ನುವುದನ್ನು ಎಲ್ಲ ಕಡೆ "$ಫೈಲ್" ಅಂತ ಬರೆದ ಮೇಲೆ ಹೆಸರುಗಳು ಇಡಿಯಾಗಿ ಬಂದವು.

ಆದರೂ ಒಂದು ಕೊಕ್ಕೆ ಉಳಿದಿತ್ತು. ಕೆಲವು ಫೈಲ್‌ಗಳ ಕೊನೆಯಲ್ಲಿ ವೇವ್ ಅನ್ನುವುದು ದೊಡ್ಡಕ್ಷರದಲ್ಲಿದೆ, ಕೆಲವದರಲ್ಲಿ ಚಿಕ್ಕಕ್ಷರ. ಎರಡಕ್ಕೂ * ಹಾಕಿದೆ. ದೊಡ್ಡಕ್ಷರದ ಫೈಲ್ ಒಂದೂ ಇಲ್ಲದ ಫೋಲ್ಡರ್‌ನಲ್ಲಿ ಬ್ಯಾಷ್ ಆ ನಕ್ಷತ್ರವನ್ನೇ ಒಂದು ಹೆಸರು ಅಂತ ಲೂಪ್‌ಗೆ ಕೊಟ್ಟಿತು, ವೇವ್‌ನಿಂದ ಫ್ಲ್ಯಾಕ್ ಮಾಡುವ ಎಫ್‌ಎಫ್‌ಎಂಪೆಗ್ ಅಂಥ ಫೈಲ್ ಇಲ್ಲ ಅಂತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಚ್ ಆಗಿ ಓಡುವ ಡ್ಯಾಷ್ ಕೂಡ ಇದನ್ನೇ ಮಾಡುತ್ತೆ. ಜೆಡ್‌ಎಸ್‌ಎಚ್ ಹೊಂದುವ ಫೈಲ್ ಇಲ್ಲ ಅಂತ ಹೇಳಿ ಸ್ಕ್ರಿಪ್ಟನ್ನೇ ನಿಲ್ಲಿಸಿತು. ಫಿಶ್‌ನ ಫಾರ್ ಲೂಪ್ ಮಾತ್ರ ಸುಮ್ನೆ ಒಂದೂ ಸಲ ಓಡದೆ ಮುಂದೆ ಹೋಯಿತು. ನನಗೆ ಬೇಕಿದ್ದದ್ದು ಅದೇ. ಬ್ಯಾಷ್‌ನಲ್ಲಿ ನಲ್‌ಗ್ಲಾಬ್ ಅನ್ನುವ ಆಯ್ಕೆ ಹಾಕಿದರೆ ಹಾಗೇ ಆಗುತ್ತೆ. ಎಸ್‌ಎಚ್‌ನಲ್ಲಿ ಲೂಪ್‌ನ ಮೊದಲ ಸಾಲಿನಲ್ಲೇ ಫೈಲ್ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಮುಂದಿನದಕ್ಕೆ ಹೋಗು ಅನ್ನಬೇಕು. ಒಂದು ಸಾಲು ಜಾಸ್ತಿ, ಅಷ್ಟೇ.

ಎಫ್‌ಎಫ್‌ಎಂಪೆಗ್ ಹೆಸರುಗಳನ್ನು ತಿಂದದ್ದು

ಫೈಲ್‌ಗಳು ಒಳಫೋಲ್ಡರ್‌ಗಳಲ್ಲೂ ಇದ್ದವು. ಅದಕ್ಕೆ ಫೈಲ್ ಹುಡುಕುವ ಫೈಂಡ್‌ನಿಂದ ಪಟ್ಟಿ ತೆಗೆದು, ಪೈಪ್ (ಒಂದು ಕಮಾಂಡ್‌ನ ಉತ್ತರವನ್ನು ಇನ್ನೊಂದಕ್ಕೆ ಕೊಡುವ ಕೊಂಡಿ) ಮೂಲಕ, ಸಾಲು ಸಾಲಾಗಿ ಓದುವ ‘ವೈಲ್ ರೀಡ್’ ಲೂಪ್‌ಗೆ ಕಳಿಸಿದೆ. ಮೊದಲ ಫೈಲ್ ಚೆನ್ನಾಗಿ ಆಯಿತು. ಎರಡನೆಯದಕ್ಕೆ ಅಂಥ ಫೈಲ್ ಇಲ್ಲ ಅಂತ ಬಂತು. ದೋಷದ ಸಾಲಿನಲ್ಲಿದ್ದ ಹೆಸರು ನೋಡಿದರೆ ಮುಂದಿನ ಭಾಗವೇ ಇಲ್ಲ. ಉಳಿದದ್ದರ ಮೊದಲಲ್ಲಿ � ಚಿಹ್ನೆ, ಆಮೇಲೆ ‘ಾಟದ ಪದ 4.ವೇವ್’.

ಸುಮಾರು ಒಂದು ಗಂಟೆ ಇದಕ್ಕೇ ಹೋಯಿತು. ಮೊದಲು ಕನ್ನಡದ ಮೇಲೇ ಅನುಮಾನ ಬಂತು. ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ನೋಡಿದೆ, ಟರ್ಮಿನಲ್ ಬದಲಿಸಿದೆ. ಎರಡೂ ಸರಿಯಾಗೇ ಇದ್ದವು. ನಿಜವಾದ ಕಾರಣ ಬೇರೆ. ಎಫ್‌ಎಫ್‌ಎಂಪೆಗ್ ಓಡುತ್ತಿರುವಾಗ ಕೀಬೋರ್ಡ್‌ನಿಂದ ಯಾರಾದರೂ ಏನಾದರೂ ಒತ್ತುತ್ತಾರಾ ಅಂತ ತನ್ನ ಇನ್‌ಪುಟ್ ಕಡೆ ನೋಡುತ್ತಾ ಇರುತ್ತೆ. ಪೈಪ್‌ನ ಲೂಪ್‌ನೊಳಗೆ ಅದರ ಇನ್‌ಪುಟ್ ಅಂದರೆ ಫೈಂಡ್ ಕಳಿಸುತ್ತಿರುವ ಪಟ್ಟಿಯೇ. ಹಾಗಾಗಿ ಮುಂದಿನ ಫೈಲ್‌ನ ಹೆಸರಿನಿಂದ ಒಂದೊಂದೇ ಬೈಟ್ ತಿನ್ನುತ್ತಾ ಹೋಗಿದೆ. 3 ಬೈಟ್‌ನ ಅಕ್ಷರದಲ್ಲಿ ಒಂದೋ ಎರಡೋ ಬೈಟ್ ಹೋದರೆ ಉಳಿದದ್ದು ಅಕ್ಷರವೇ ಅಲ್ಲ, ಅದೇ ಆ �. ‘ನೋಸ್ಟ್‌ಡಿಇನ್’ ಅನ್ನುವ ಆಯ್ಕೆ ಕೊಟ್ಟೆ. ನಿಂತಿತು. ನಾಲ್ಕೂ ಶೆಲ್‌ಗಳಲ್ಲಿ ಇದು ಹೀಗೇ ಆಗುತ್ತೆ, ಶೆಲ್ ಬದಲಿಸಿದರೆ ಹೋಗುವ ತೊಂದರೆ ಇದಲ್ಲ. ಲೂಪ್‌ನೊಳಗೆ ದೂರದ ಯಂತ್ರದಲ್ಲಿ ಕಮಾಂಡ್ ಓಡಿಸುವ ಎಸ್‌ಎಸ್‌ಎಚ್ ಹಾಕಿದರೂ ಇದೇ ಕತೆ.

ಅದೇ ಲೂಪ್‌ನಲ್ಲಿ ಇನ್ನೊಂದು ವ್ಯತ್ಯಾಸ ಕಂಡೆ. ಎಷ್ಟು ಫೈಲ್ ಆಯಿತು ಅಂತ ಎಣಿಸುವ ವೇರಿಯಬಲ್ ಇಟ್ಟಿದ್ದೆ. ಲೂಪ್ ಮುಗಿದ ಮೇಲೆ ಬ್ಯಾಷ್ ಮತ್ತು ಡ್ಯಾಷ್ 0 ಅಂದವು. ಜೆಡ್‌ಎಸ್‌ಎಚ್ ಮತ್ತು ಫಿಶ್ ಸರಿಯಾದ ಲೆಕ್ಕ ಕೊಟ್ಟವು. ಬ್ಯಾಷ್ ಪೈಪ್‌ನ ಬಲಗಡೆಯ ಭಾಗವನ್ನು ಬೇರೆಯೇ ಮರಿಶೆಲ್‌ನಲ್ಲಿ ಓಡಿಸುತ್ತೆ. ಅಲ್ಲಿ ಎಣಿಸಿದ್ದು ಅಲ್ಲೇ ಸಾಯುತ್ತೆ. ಜೆಡ್‌ಎಸ್‌ಎಚ್ ಪೈಪ್‌ನ ಕೊನೆಯ ಭಾಗವನ್ನು ತನ್ನಲ್ಲೇ ಓಡಿಸುತ್ತೆ.

ಅಕ್ಕನ ಮ್ಯಾಕ್‌ನಲ್ಲಿ

ಯಾವ ಕ್ಯಾಸೆಟ್‌ನಲ್ಲಿ ಯಾರ ದನಿ ಇದೆ ಅನ್ನುವುದನ್ನು ಬ್ಯಾಷ್‌ನ ಅಸೋಸಿಯೇಟಿವ್ ಅರೇಯಲ್ಲಿ ಇಟ್ಟಿದ್ದೆ. ಹೆಸರು ಕೊಟ್ಟರೆ ಹಾಡಿದವರು ಸಿಗುವ ಹಾಗೆ. ಲ್ಯಾಪ್‌ಟಾಪ್‌ನ ಬ್ಯಾಷ್ 5.2ರಲ್ಲಿ ಚೆನ್ನಾಗಿತ್ತು. ಅಕ್ಕನ ಮ್ಯಾಕ್‌ನಲ್ಲಿ ಅಂಥ ಆಯ್ಕೆಯೇ ಇಲ್ಲ ಅಂದಿತು. ಮ್ಯಾಕ್ ಜೊತೆ ಬರುವ ಬ್ಯಾಷ್ ಇವತ್ತಿಗೂ 3.2, ಈ ಅರೇ ಬಂದದ್ದು 2009ರ 4.0ರಲ್ಲಿ. 4.0ರಿಂದ ಬ್ಯಾಷ್‌ನ ಪರವಾನಗಿ ಜಿಪಿಎಲ್ ಮೂರನೇ ಆವೃತ್ತಿ ಆಯಿತು, ಆ್ಯಪಲ್ ಅಲ್ಲಿಂದ ಮುಂದಿನದನ್ನು ಸೇರಿಸಲೇ ಇಲ್ಲ. 2019ರಲ್ಲಿ ಕ್ಯಾಟಲೀನಾ ಜೊತೆ ಜೆಡ್‌ಎಸ್‌ಎಚ್ ಅನ್ನೇ ಮುಖ್ಯ ಶೆಲ್ ಮಾಡಿದರು.

ಹಾಗಾದರೆ ಜೆಡ್‌ಎಸ್‌ಎಚ್‌ನಲ್ಲೇ ಬರೆಯೋಣ ಅಂತ ಬರೆದೆ. ನಿಜ ಹೇಳಬೇಕೆಂದರೆ ನಾಲ್ಕರಲ್ಲಿ ಬರೆಯಲು ಜಾಸ್ತಿ ಖುಷಿ ಕೊಟ್ಟದ್ದು ಇದೇ. ಪಾಲ್ ಫಾಲ್‌ಸ್ಟಾಡ್ 1990ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆದದ್ದು. ಉದ್ಧರಣ ಚಿಹ್ನೆ ಮರೆತರೂ ವೇರಿಯಬಲ್ಲನ್ನು ಜಾಗದಲ್ಲಿ ಒಡೆಯುವುದಿಲ್ಲ. ಒಳಫೋಲ್ಡರ್‌ಗಳಿಗೆ ಫೈಂಡ್ ಬೇಡ, ** ಸಾಕು. ಅದರ ಮುಂದೆ ಆವರಣದಲ್ಲಿ ಒಂದೆರಡು ಅಕ್ಷರ ಸೇರಿಸಿದರೆ ‘ಫೈಲ್ ಮಾತ್ರ ಕೊಡು, ಇಲ್ಲದಿದ್ದರೆ ಸುಮ್ಮನಿರು’ ಅಂತ ಹೇಳಬಹುದು. ಬ್ಯಾಷ್‌ನಿಂದ ಬಂದವರಿಗೆ ಕಾಲಿಗೆ ತೊಡರುವುದು ಅರೇಯ ಎಣಿಕೆ. ಇಲ್ಲಿ ಮೊದಲನೆಯದು 1, ಬ್ಯಾಷ್‌ನಲ್ಲಿ 0.

ಆದರೆ ರೂಟರ್‌ನಲ್ಲಿ ಜೆಡ್‌ಎಸ್‌ಎಚ್ ಇಲ್ಲ. ಬ್ಯಾಷೂ ಇಲ್ಲ. ಇರುವುದು ಬಿಝಿಬಾಕ್ಸ್ ಅನ್ನುವ ಪುಟ್ಟ ಸಾಧನಗಳ ಕಟ್ಟಿನ ಆ್ಯಷ್, ಅಲ್ಲಿ ಎಸ್‌ಎಚ್ ಅಂದರೆ ಅದೇ.

ಫಿಶ್ ಬಗ್ಗೆ ಸ್ವಲ್ಪ

2005ರಲ್ಲಿ ಆಕ್ಸೆಲ್ ಲಿಲ್ಯೆನ್‌ಕ್ರಾಂಟ್ಸ್ ಶುರು ಮಾಡಿದ ಶೆಲ್ ಇದು. 2025ರ 4.0 ಆವೃತ್ತಿಯಲ್ಲಿ ಸಿ ಪ್ಲಸ್ ಪ್ಲಸ್ ಬಿಟ್ಟು ರಸ್ಟ್‌ಗೆ ಬಂದಿದೆ. ಬೇರೆ ಶೆಲ್‌ಗಳಲ್ಲಿ ಇಫ್, ಲೂಪ್, ಕೇಸ್ ಮುಗಿಸುವ ಎಫ್‌ಐ, ಡನ್, ಇಸ್ಯಾಕ್ ಯಾವುದೂ ಇಲ್ಲ, ಎಲ್ಲದಕ್ಕೂ ಒಂದೇ ‘ಎಂಡ್’. ಬೋರ್ನ್‌ಗೆ ಆಲ್ಗಾಲ್ ಭಾಷೆ ಇಷ್ಟ, ಹಾಗಾಗಿ ಇಫ್ ತಿರುಗಿಸಿ ಎಫ್‌ಐ ಮಾಡಿದರು, ಕೇಸ್ ತಿರುಗಿಸಿ ಇಸ್ಯಾಕ್ ಮಾಡಿದರು. ಡೂ ತಿರುಗಿಸಿದರೆ ಬರುವ ಓಡಿ ಅನ್ನುವ ಹೆಸರಿನ ಕಮಾಂಡ್ ಆಗಲೇ ಇತ್ತು, ಅದಕ್ಕೇ ಡನ್ ಬಂತು. ಹೊಸಬರಿಗೆ ಫಿಶ್ ಓದಲು ಸಲೀಸು. ನನ್ನ ಸ್ಕ್ರಿಪ್ಟ್ ಅಲ್ಲಿ ನಾಲ್ಕರಲ್ಲೇ ಚಿಕ್ಕದಾಗಿತ್ತು. ದಿನವಿಡೀ ಟೈಪ್ ಮಾಡಲು ನಾನೂ ಫಿಶ್ ಬಳಸುತ್ತೇನೆ. ಆದರೆ ಫಿಶ್ ಇಲ್ಲದ ಕಡೆ ಈ ಸ್ಕ್ರಿಪ್ಟ್‌ನ ಒಂದು ಸಾಲೂ ಓಡಲ್ಲ. ಇನ್ನೊಬ್ಬರ ಯಂತ್ರಕ್ಕೆ ಕೊಡುವ ಸ್ಕ್ರಿಪ್ಟ್‌ಗೆ ಅದು ಆಗುವುದಿಲ್ಲ.

ಎರಡು ಕೋಲಾಟ

ಈ ಕೆಲಸದಲ್ಲಿ ನಾನು ಮರೆಯಲಾರದ್ದು ಇದು. ಸ್ಕ್ರಿಪ್ಟನ್ನು ಎರಡನೇ ಸಲ ಓಡಿಸಿದೆ. ಆಗಲೇ ಮಾಡಿದ್ದನ್ನು ಬಿಡಬೇಕಿತ್ತು, ಆದರೆ ಕೆಲವನ್ನು ಮತ್ತೆ ಮಾಡಿತು. ಫೋಲ್ಡರ್ ತೆರೆದರೆ ‘ಕೋಲಾಟದ ಪದ 3’ ಅನ್ನುವ ಫೈಲ್ ಎರಡು! ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರು. ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಇಲ್ಲ.

‘ಕೋಲಾಟದ’ ಅನ್ನುವ ಪದದ ಉದ್ದ ಎಷ್ಟು ಅಂತ ಶೆಲ್‌ಗಳನ್ನು ಕೇಳಿದೆ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ಕೋ, ಲಾ, ಟ, ದ. ಒಂದು ಫೈಲ್‌ನ ಹೆಸರಿಗೆ ಬ್ಯಾಷ್ 6 ಅಂತು, ಇನ್ನೊಂದಕ್ಕೆ 8. ಬೈಟ್‌ನಲ್ಲಿ ಎಣಿಸುವ ನನ್ನ ಡ್ಯಾಷ್ 18 ಮತ್ತು 24 ಅಂತು. ವ್ಯತ್ಯಾಸ ಪೂರ್ತಿ ‘ಕೋ’ ಒಂದರಲ್ಲೇ ಇತ್ತು. ಯುನಿಕೋಡ್‌ನಲ್ಲಿ ಓತ್ವವನ್ನು (ೋ) ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ (ೆ), ಊತ್ವದ ಕೊಂಬು (ೂ), ದೀರ್ಘ (ೕ) ಅಂತ ಮೂರಾಗಿ ಒಡೆದೂ ಬರೆಯಬಹುದು. ಕೈಯಲ್ಲಿ ಬರೆಯುವಾಗಲೂ ನಾವು ಓತ್ವವನ್ನು ಹಾಗೇ ಜೋಡಿಸುತ್ತೇವೆ ಅಲ್ವಾ? ಹಳೇ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರನ್ನೂ ಒಡೆದೇ ಇಡುತ್ತೆ. ಆರ್‌ಸಿಂಕ್ ಅದನ್ನು ಹಾಗೇ ತಂದು ಇಲ್ಲಿಗೆ ಸುರಿದಿದೆ. ನಾನು ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿದ ಪಟ್ಟಿಯಲ್ಲಿ ಓತ್ವ ಒಂದೇ ಸಂಕೇತ. ಫ್ಲ್ಯಾಕ್‌ಗಳಲ್ಲಿ ಕೆಲವು ಪಟ್ಟಿಯ ಹೆಸರಿನಿಂದ ಹುಟ್ಟಿದ್ದವು, ಕೆಲವು ಮ್ಯಾಕ್‌ನ ಹೆಸರಿನಿಂದ. ಕೀ, ಕೇ, ಕೈ, ಕೊ, ಕೋ ಇರುವ ಎಲ್ಲ ಹೆಸರಿಗೂ ಇದೇ ಆಗಿತ್ತು. ‘ಸೋಬಾನೆ’, ‘ಬೀಸುವ’ ಎರಡೂ ಅದರಲ್ಲಿ ಬಂದವು.

ನಾಲ್ಕು ಶೆಲ್‌ಗಳಲ್ಲಿ ಒಂದೂ ಇವೆರಡನ್ನು ಒಂದೇ ಹೆಸರು ಅಂತ ನೋಡಲಿಲ್ಲ. ಇದನ್ನು ಶೆಲ್‌ನಲ್ಲಿ ಸರಿ ಮಾಡಲು ಹೋಗುವುದೇ ಬೇಡ. ಕಾನ್ವ್‌ಎಂವಿ ಅನ್ನುವ ಪುಟ್ಟ ಸಾಧನ ಇದೆ. ಎನ್‌ಎಫ್‌ಸಿ ಆಯ್ಕೆ ಕೊಟ್ಟರೆ ಒಡೆದ ಹೆಸರುಗಳನ್ನೆಲ್ಲ ಜೋಡಿಸುತ್ತೆ. ಮೊದಲು ಏನು ಮಾಡುತ್ತೇನೆ ಅಂತ ತೋರಿಸುತ್ತೆ ಅಷ್ಟೇ. ‘ನೋಟೆಸ್ಟ್’ ಅಂತ ಕೊಟ್ಟರೆ ಮಾತ್ರ ನಿಜವಾಗಿ ಬದಲಿಸುತ್ತೆ. ಹೊಸದಾಗಿ ಹುಟ್ಟಿದ್ದ ಫ್ಲ್ಯಾಕ್‌ಗಳನ್ನೆಲ್ಲ ಅಳಿಸಿ, ವೇವ್‌ಗಳ ಮೇಲೆ ಇದನ್ನು ಓಡಿಸಿ, ಮತ್ತೆ ಮೊದಲಿಂದ ಶುರು ಮಾಡಿದೆ. ಮ್ಯಾಕ್‌ನಿಂದ ಲಿನಕ್ಸ್‌ಗೆ ಕನ್ನಡ ಹೆಸರಿನ ಫೈಲ್ ತರುವವರು ಬೇರೆ ಯಾವ ಕೆಲಸಕ್ಕೂ ಮೊದಲು ಇದನ್ನು ಮಾಡಿ.

ಕೊನೆಗೆ ಎಸ್‌ಎಚ್

ಬ್ಯಾಷ್ ಆವೃತ್ತಿಯನ್ನು ರಾತ್ರಿ ಓಡಲಿ ಅಂತ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿದ್ದೆ. ಕ್ರಾನ್ ಸಾಲಿನಲ್ಲಿ ಸ್ಕ್ರಿಪ್ಟ್‌ನ ಹೆಸರಿನ ಮುಂದೆ ಎಸ್‌ಎಚ್ ಅಂತ ಬರೆದಿದ್ದೆ. ಹಾಗೆ ಬರೆದರೆ ಯಾವ ಶೆಲ್‌ನಲ್ಲಿ ಓಡಿಸಬೇಕು ಅಂತ ಹೇಳುವ ಮೊದಲ ಸಾಲಿನ #! ಲೆಕ್ಕಕ್ಕೇ ಬರಲ್ಲ. ಡೆಬಿಯನ್‌ನಲ್ಲಿ ಎಸ್‌ಎಚ್ ಅಂದರೆ ಡ್ಯಾಷ್. ಹಗುರ, ಬೇಗ ಶುರುವಾಗುತ್ತೆ ಅಂತ ಉಬುಂಟು 2006ರಲ್ಲಿ, ಡೆಬಿಯನ್ 2011ರಲ್ಲಿ ಅದನ್ನು ಆ ಜಾಗಕ್ಕೆ ತಂದವು. ಬೆಳಿಗ್ಗೆ ನೋಡಿದರೆ ಅರೇ ಇದ್ದ ಸಾಲಿನಲ್ಲಿ "(" ಅನಿರೀಕ್ಷಿತ ಅಂತ ದೋಷ. ಅದಕ್ಕಿಂತ ಮುಖ್ಯ, ಆ ಸಾಲಿಗಿಂತ ಮೇಲಿನವೆಲ್ಲ ಆಗಲೇ ಓಡಿ ಮುಗಿದಿದ್ದವು. ಶೆಲ್ ಸ್ಕ್ರಿಪ್ಟನ್ನು ಓದುತ್ತಾ ಓದುತ್ತಾ ಓಡಿಸುತ್ತೆ, ಪೂರ್ತಿ ಓದಿ ಸರಿಯಿದೆಯಾ ಅಂತ ನೋಡುವುದಿಲ್ಲ. ಅಂದಿನಿಂದ ಎಲ್ಲವನ್ನೂ ಒಂದು ಫಂಕ್ಷನ್‌ನೊಳಗೆ ಹಾಕಿ, ಕೊನೆಯ ಸಾಲಿನಲ್ಲಿ ಮಾತ್ರ ಅದನ್ನು ಕರೆಯುತ್ತೇನೆ. ಆಗ ಪೂರ್ತಿ ಓದಿಯೇ ಕೆಲಸ ಶುರು ಮಾಡಬೇಕಾಗುತ್ತೆ.

ಮೂರೂ ಕಡೆ ಇರುವುದು ಎಸ್‌ಎಚ್ ಒಂದೇ. ಅದರಲ್ಲೇ ಬರೆಯಲು ಕೂತೆ. ಅರೇ ಇಲ್ಲದೆ ಕಷ್ಟ ಆಗುತ್ತೆ ಅಂದುಕೊಂಡಿದ್ದೆ. ಆದರೆ ಎಸ್‌ಎಚ್‌ನಲ್ಲಿ ಒಂದು ಪಟ್ಟಿ ಇದ್ದೇ ಇದೆ: "$@". ಸ್ಕ್ರಿಪ್ಟ್‌ಗೆ ಕೊಟ್ಟ ಹೆಸರುಗಳೆಲ್ಲ ಅದರಲ್ಲಿ ಒಂದೊಂದಾಗಿ, ಒಡೆಯದೆ, ಜಾಗದ ಸಮೇತ ಇರುತ್ತವೆ. ಫೈಂಡ್‌ನ ‘ಎಕ್ಸೆಕ್’ ಆಯ್ಕೆಗೆ ನನ್ನ ಸ್ಕ್ರಿಪ್ಟನ್ನೇ ಕೊಟ್ಟು, ಕೊನೆಯಲ್ಲಿ {} + ಹಾಕಿದೆ. ಹೆಸರುಗಳು ಪೈಪ್‌ನ ದಾರಿ ಹಿಡಿಯದೆ ನೇರ "$@"ಗೆ ಬಂದವು. ಎಫ್‌ಎಫ್‌ಎಂಪೆಗ್‌ಗೆ ತಿನ್ನಲು ಅಲ್ಲಿ ಏನೂ ಇಲ್ಲ. ಹಾಡಿದವರ ಪಟ್ಟಿಯನ್ನು ಅರೇಯಿಂದ ತೆಗೆದು ಸಾದಾ ಪಠ್ಯ ಫೈಲ್ ಮಾಡಿದೆ, ಮಧ್ಯೆ ಟ್ಯಾಬ್. ಮಾವ ಅದನ್ನು ತಾವೇ ತೆರೆದು ತಿದ್ದಬಹುದು ಅನ್ನುವುದು ಇನ್ನೂ ಒಳ್ಳೆಯದಾಯಿತು.

ವೇವ್ ತೆಗೆದು ಫ್ಲ್ಯಾಕ್ ಅಂತ ಹೆಸರು ಬದಲಿಸಲು ಎಸ್‌ಎಚ್‌ನಲ್ಲೇ % ಇದೆ. ಯಾವುದು ಎಡ, ಯಾವುದು ಬಲ ಅಂತ ಮರೆಯುವವರಿಗೆ ಒಂದು ದಾರಿ. ಕೀಬೋರ್ಡ್‌ನಲ್ಲಿ 3, 4, 5ರ ಮೇಲೆ #, $, % ಸಾಲಾಗಿ ಕೂತಿವೆ. $ನ ಎಡಕ್ಕಿರುವ # ಹೆಸರಿನ ಎಡತುದಿಯನ್ನು ಕತ್ತರಿಸುತ್ತೆ, ಬಲಕ್ಕಿರುವ % ಬಲತುದಿಯನ್ನು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಹಾರ್ಡ್‌ಡಿಸ್ಕ್ ನಿಂತಿತು. ಅರ್ಧ ಬರೆದ ಫ್ಲ್ಯಾಕ್ ಉಳಿಯಿತು. ಮುಂದಿನ ಸಲ ಸ್ಕ್ರಿಪ್ಟ್ ಅದನ್ನು ಮುಗಿದದ್ದು ಅಂತ ಬಿಟ್ಟು ಹೋಗುವುದರಲ್ಲಿತ್ತು. ಈಗ ಮೊದಲು ಅದೇ ಡಿಸ್ಕ್‌ನ ತಾತ್ಕಾಲಿಕ ಫೋಲ್ಡರ್‌ನಲ್ಲಿ ಬರೆಸಿ, ಎಫ್‌ಎಫ್‌ಎಂಪೆಗ್ ಸರಿಯಾಗಿ ಮುಗಿದರೆ ಮಾತ್ರ ಫೈಲ್ ಸರಿಸುವ ಎಂವಿ ಕಮಾಂಡ್‌ನಿಂದ ಜಾಗಕ್ಕೆ ತರುತ್ತೇನೆ.

ಚೆಕ್‌ಸಮ್ ಪಟ್ಟಿಯನ್ನು ವಿಂಗಡಿಸುವಾಗ ಲೊಕೇಲ್ ಹೇಳುವ ಎಲ್‌ಸಿ_ಆಲ್‌ಗೆ ಸಿ ಅಂತ ಕೊಟ್ಟೆ. ಆಗ ಕೇವಲ ಬೈಟ್ ನೋಡಿ ಜೋಡಿಸುತ್ತೆ, ಮೂರೂ ಯಂತ್ರದಲ್ಲಿ ಪಟ್ಟಿಯ ಕ್ರಮ ಒಂದೇ ಬರುತ್ತೆ. ಬರೆದು ಮುಗಿದ ಮೇಲೆ ಸ್ಕ್ರಿಪ್ಟ್‌ನ ತಪ್ಪು ಹುಡುಕುವ ಶೆಲ್‌ಚೆಕ್‌ಗೆ ಕೊಟ್ಟು ಎಸ್‌ಎಚ್ ಅಂತಲೇ ನೋಡು ಅಂದೆ. ಒಂದು ಕಡೆ ಉದ್ಧರಣ ಚಿಹ್ನೆ ಬಿಟ್ಟಿದ್ದನ್ನು ಹಿಡಿಯಿತು. ಆಮೇಲೆ ಲ್ಯಾಪ್‌ಟಾಪ್‌ನಲ್ಲೇ ಡ್ಯಾಷ್, ಬ್ಯಾಷ್, ಬಿಝಿಬಾಕ್ಸ್ ಮೂರರಲ್ಲೂ ಓಡಿಸಿ ನೋಡಿದೆ. ಖಾಲಿ ಸಾಲು ಬಿಟ್ಟು 31 ಸಾಲು. ಇದರ ಎರಡರಷ್ಟು ಬೆಳೆದಿದ್ದರೆ ಶೆಲ್ ಬಿಟ್ಟು ಪೈಥಾನ್‌ಗೆ ಹೋಗುತ್ತಿದ್ದೆ. ಮೂರೂ ಕಡೆ ಓಡಬೇಕಿಲ್ಲದೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರುವ ಕೆಲಸವಾಗಿದ್ದರೆ ಜೆಡ್‌ಎಸ್‌ಎಚ್‌ನಲ್ಲೇ ಇಡುತ್ತಿದ್ದೆ.

ಭಾನುವಾರ ರಾತ್ರಿ ರೂಟರ್‌ನಲ್ಲಿ ಚೆಕ್‌ಸಮ್ ನೋಡಿದೆ. 85 ಸರಿ, ಒಂದು ತಪ್ಪು. ‘ಬೀಸುವ ಪದ ಅಜ್ಜಿ ಮತ್ತು ಚಿಕ್ಕಜ್ಜಿ’. ರೂಟರ್‌ಗೆ ನಕಲು ಮಾಡುವಾಗ ಅರ್ಧಕ್ಕೆ ನಿಂತಿತ್ತು. ಅದೊಂದನ್ನು ಮತ್ತೆ ಕಳಿಸಿ ಇನ್ನೊಮ್ಮೆ ಓಡಿಸಿದೆ, 86 ಸರಿ ಬಂತು. ಮಾರನೇ ದಿನ ಅಕ್ಕ ತನ್ನ ಮ್ಯಾಕ್‌ನಲ್ಲಿ ಅದೇ ಫೈಲ್ ತೆರೆದು ಅಮ್ಮನಿಗೆ ಕೇಳಿಸಿದಳು. ಪರದೆಯ ಮೇಲೆ ಮಾವ ಬರೆದ ಹೆಸರೇ ಇತ್ತು. ರಾಗಿಕಲ್ಲು ತಿರುಗುವ ಸದ್ದಿನ ಹಿಂದೆ ಎರಡನೇ ದನಿ ಯಾರದು ಅಂತ ಅಮ್ಮ ಕೇಳುವ ಮೊದಲೇ ಅಕ್ಕ ಓದಿ ಹೇಳಿದಳಂತೆ, ಚಿಕ್ಕಜ್ಜಿ ಅಂತ.